ಬೆಡ್‌ರೂಮಿನಲ್ಲಿ ಬೆಳೆದ ಪುಂಡಿ

ನನ್ನ ಗಂಡ ಮೈಸೂರಿನವರು. ಪುಂಡಿ ಪಲ್ಲೆ ಎಂದರೇನು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಬಾಗಲಕೋಟೆ ಕಡೆಯವಳು. ಪುಂಡಿ ಪಲ್ಲೆ ಗೊತ್ತಿಲ್ಲದ ಮನುಷ್ಯರೂ ಇರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಅಮೆರಿಕಕ್ಕೆ, ನ್ಯೂಯಾರ್ಕಿನ ಹತ್ತಿರದ ವುಡ್‌ಬ್ರಿಡ್ಜ್‌ನ ಅಪಾರ್ಟ್‌ಮೆಂಟಿಗೆ ಬಂದ ಮೊದಲ ತಿಂಗಳೇ ಇದರ ಮೇಲೆ ಜಗಳವಾಯಿತು. ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗಳನ್ನೆಲ್ಲ ಸುತ್ತಿ, ಎಲ್ಲಿಯೂ ಪುಂಡಿ ಸಿಗದೆ ನಾನು ಮುಖ ಸಣ್ಣದು ಮಾಡಿಕೊಂಡು ಕಾರಿನಲ್ಲಿ ಕೂತಿದ್ದರೆ, ಇವರು ಸಮಾಧಾನ ಹೇಳಲು ಹೊರಟರು.

"ಅದೇನೋ ಹುಳಿ ಸೊಪ್ಪು ತಾನೆ? ಪಾಲಕ್‌ಗೆ ನಿಂಬೆಹಣ್ಣು ಹಿಂಡ್ಬಿಡು, ಆಯ್ತಲ್ಲ."

ಆ ಮಾತಿಗೆ ನಾನು ಎರಡು ದಿನ ಮಾತು ಬಿಟ್ಟೆ. ಪುಂಡಿಯ ಹುಳಿ ನಿಂಬೆಹಣ್ಣಿನದಲ್ಲ, ಹುಣಸೆಯದೂ ಅಲ್ಲ. ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಮಸೆದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಿಸಿ ರೊಟ್ಟಿಯ ಜೊತೆ ತಿಂದವರಿಗೇ ಅದರ ಬೆಲೆ ಗೊತ್ತು. ನಿಂಬೆಹಣ್ಣಂತೆ!

ಅದು ಇಸವಿ ಎರಡು ಸಾವಿರ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ದೊಡ್ಡ ದೊಡ್ಡವರು ಹೆದರಿದ್ದ ಕಾಲ. ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವುದು ಇವರ ಕೆಲಸ. ಬೆಳಗ್ಗೆ ಟ್ರೇನ್ ಹಿಡಿದು ನ್ಯೂಯಾರ್ಕಿಗೆ ಹೋದರೆ ಮನೆಗೆ ಬರುವುದು ಸಂಜೆಯೇ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಗಣಿತದಲ್ಲಿ ಬಿ.ಎಸ್ಸಿ. ಮಾಡಿ ಎರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಗದರಿಸಲು ಒಂದು ಕ್ಲಾಸಿನ ತುಂಬ ಮಕ್ಕಳಿದ್ದವಳು ನಾನು. ಇಲ್ಲಿ ಗದರಿಸಲು ಇವರೊಬ್ಬರೇ, ಅದೂ ಸಂಜೆ ಮೇಲೆ. ಇಡೀ ದಿನ ಏನು ಮಾಡಲಿ? ಗಿಡ ಬೆಳೆಸಲು ಹೊರಟೆ.

ಅವ್ವ ನನ್ನ ಸೂಟ್‌ಕೇಸಿನಲ್ಲಿ ಹಳೆ ಸೀರೆಯ ತುಂಡಿನಲ್ಲಿ ಮೂರು ಗಂಟು ಬೀಜ ಇಟ್ಟಿದ್ದಳು. ಯಾವ ಗಂಟಿನಲ್ಲಿ ಏನು ಎಂದು ಬರೆದಿರಲಿಲ್ಲ. ಮಗಳಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದುಕೊಂಡಿರಬೇಕು. ಮೆಂತ್ಯ ಗುರುತಾಯಿತು. ರಾಜಗಿರಿ ಗುರುತಾಯಿತು. ಮೂರನೆಯದು ಮೂಲೆ ಮೂಲೆಯಾಗಿದ್ದ ಬೂದು ಬೀಜ. ಪುಂಡಿಯೇ ಇರಬೇಕು ಎಂದು ಮನಸ್ಸು ಹೇಳಿತು, ಆದರೆ ಆಣೆ ಮಾಡಿ ಹೇಳುವಷ್ಟು ಧೈರ್ಯ ಇರಲಿಲ್ಲ. ಹಿತ್ತಲಿನ ಕೆಲಸವೆಲ್ಲ ಅವ್ವನದು, ನಾನು ಪುಸ್ತಕ ಹಿಡಿದು ಕೂತವಳು. ಪುಂಡಿಯನ್ನು ಅವ್ವ ಕಟ್ಟಿ ತಂದ ಸೂಡಿನಲ್ಲಿ ಕಂಡಿದ್ದೆನೇ ಹೊರತು ಬೀಜದಲ್ಲಿ ಕಂಡಿರಲಿಲ್ಲ.

ಮೊದಲ ಸಲ ಬಾಲ್ಕನಿಯಲ್ಲಿ ಮಣ್ಣಿನ ಕುಂಡ ಇಟ್ಟೆ. ಕೆಂಪು ನೀರು ಸೋರಿ ಕೆಳಗಿನ ಮನೆಯವರ ಬಿಳಿ ಕುರ್ಚಿಯ ಮೇಲೆ ಬಿತ್ತು. ಮರುದಿನವೇ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಂದರು. ಐವತ್ತು ದಾಟಿದ ಹೆಂಗಸು, ಕನ್ನಡಕವನ್ನು ಸರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದರು. "ಡಿಯರ್, ಇಲ್ಲಿ ಮಣ್ಣು ಬೇಡ. ಬಾಲ್ಕನಿಯಲ್ಲೂ ಬೇಡ, ಒಳಗೂ ಬೇಡ" ಎಂದು ನಗುನಗುತ್ತ ಹೇಳಿ ಹೋದರು. ಮಣ್ಣಿಲ್ಲದೆ ಬೆಳೆಯುವುದು ಹೇಗೆ ಎಂದು ಯೆಲ್ಲೋ ಪೇಜಸ್ ತಿರುವಿದಾಗ, ಮನೆಯೊಳಗಿನ ತೋಟಗಾರಿಕೆಯ ಸಾಮಾನು ಮಾರುವ ಅಂಗಡಿಯೊಂದು ಕಣ್ಣಿಗೆ ಬಿತ್ತು.

ಹೈವೇ ಪಕ್ಕ, ಟಯರ್ ಅಂಗಡಿಯ ಬಗಲಿಗೆ ಅಂಟಿಕೊಂಡಿದ್ದ ಅಂಗಡಿ ಅದು. ಕಿಟಕಿಗಳಿಗೆಲ್ಲ ಒಳಗಿನಿಂದ ಕಪ್ಪು ಕಾಗದ. ಮಾಲೀಕ ಸುಮಾರು ಐವತ್ತೈದರ ಮನುಷ್ಯ. ನೆರೆತ ಕೂದಲನ್ನು ನನ್ನ ಜಡೆಗಿಂತ ಉದ್ದ ಬಿಟ್ಟು ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದ. ನೋಡಿದ ಕೂಡಲೇ, ಇವನು ಕೆಲಸಕ್ಕೆ ಬಾರದವನು ಎಂದು ತೀರ್ಮಾನ ಮಾಡಿಬಿಟ್ಟೆ. ಆ ಅಂಗಡಿಗೆ ಎಂಥ ಬೆಳೆಗಾರರು ಬರುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗಾಂಜಾ ಎಂಬ ಹೆಸರು ಕೇಳಿದ್ದೆ, ಗಿಡ ಹೇಗಿರುತ್ತದೆ ಎಂದು ನೋಡಿರಲಿಲ್ಲ.

"ಏನು ಬೆಳೀತೀರಿ?" ಎಂದು ಕೇಳಿದ.

"ಊಟಕ್ಕೆ ಸೊಪ್ಪು" ಎಂದೆ.

ಅವನು ಕಣ್ಣು ಸಣ್ಣದು ಮಾಡಿ ತಲೆಯಾಡಿಸಿದ, ಒಳಗೆ ಹೋಗಿ ಒಂದು ಇಟ್ಟಿಗೆ ತಂದಿಟ್ಟ. ಕಂದು ಬಣ್ಣದ, ಹಗುರ ಇಟ್ಟಿಗೆ. ಮೂಸಿ ನೋಡಿದೆ. ತೆಂಗಿನ ಸಿಪ್ಪೆಯ ಪುಡಿ! ನಮ್ಮಲ್ಲಿ ಒಲೆಗೆ ಹಾಕಿ ನೀರು ಕಾಯಿಸುವ ಸಿಪ್ಪೆಯನ್ನು ಒತ್ತಿ, ಕಾಗದ ಸುತ್ತಿ, ಹಡಗಿನಲ್ಲಿ ತಂದು ನನಗೇ ಮಾರುತ್ತಿದ್ದಾನೆ. ನಗು ತಡೆಯಲಿಲ್ಲ. ಆದರೆ ಅವನಿಗೆ ವಿಷಯ ಗೊತ್ತಿತ್ತು. ಇಟ್ಟಿಗೆಯನ್ನು ಬಿಸಿನೀರಿನಲ್ಲಿ ನೆನೆಹಾಕಬೇಕು, ಉಬ್ಬಿ ಬಕೆಟ್ ತುಂಬುತ್ತದೆ. ಸಿಪ್ಪೆಯಲ್ಲಿ ಉಪ್ಪಿರುತ್ತದೆ, ನೀರು ತಿಳಿಯಾಗುವ ತನಕ ತೊಳೆಯಬೇಕು. ಇದರಲ್ಲಿ ಸತ್ವ ಎಂಬುದಿಲ್ಲ, ಆದ್ದರಿಂದ ಪ್ರತಿ ಸಲ ನೀರಿನ ಜೊತೆಗೇ ಸ್ವಲ್ಪ ಗೊಬ್ಬರ ಕೊಡಬೇಕು. ಒಣಗಲು ಮಾತ್ರ ಬಿಡಬಾರದು. ಇಷ್ಟನ್ನೂ ಬಿಡಿಸಿ ಬಿಡಿಸಿ ಹೇಳಿದ. ಟ್ಯೂಬ್‌ಲೈಟ್ ಎಷ್ಟು ಎತ್ತರಕ್ಕೆ ಕಟ್ಟಬೇಕು, ಬೆಳಕು ಪೋಲಾಗದ ಹಾಗೆ ಗೋಡೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹೇಗೆ ಅಂಟಿಸಬೇಕು ಎಂದು ಚಿತ್ರ ಬರೆದೂ ತೋರಿಸಿದ. ನಾನು ಪಾಠ ಹೇಳುತ್ತಿದ್ದಾಗಲೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹಾಗೆಯೇ ಮಾಡಿದೆ. ನಮ್ಮ ಎರಡನೆಯ ಬೆಡ್‌ರೂಮು ಖಾಲಿ ಇತ್ತು. ಹನ್ನೊಂದು ಕುಂಡ, ನಾಲ್ಕು ಟ್ಯೂಬ್‌ಲೈಟು, ಗೋಡೆಯ ತುಂಬ ಬೆಳ್ಳಿ ಹಾಳೆ. ಟೀಚರ್ ಬುದ್ಧಿ ಬಿಡುತ್ತದೆಯೇ? ಒಂದು ನೋಟ್‌ಬುಕ್ಕಿನಲ್ಲಿ ಗಿಡದ ನಂಬರು, ಎತ್ತರ, ನೀರು, ಗೊಬ್ಬರ ಎಲ್ಲಾ ಬರೆದಿಟ್ಟೆ. ಇವರು ಒಮ್ಮೆ ಬಾಗಿಲಿನಿಂದ ಇಣುಕಿ, "ನಮ್ಮ ಆಫೀಸಿನ ಸರ್ವರ್ ರೂಮ್ ಇದ್ದ ಹಾಗಿದೆ ಕಣೇ" ಎಂದು ಹೊಗಳಿ ಹೋದರು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಮೊಳಕೆ ಬಂತು. ಮೊದಲ ಎಲೆಗಳು ದುಂಡಗಿದ್ದವು. ಗಿಡ ಮೊಣಕಾಲೆತ್ತರ ಬಂದಾಗ ಎಲೆ ಮೂರು ಸೀಳಾಯಿತು, ಆಮೇಲೆ ಐದು. ಅಂಚೆಲ್ಲ ಗರಗಸ. ನನಗೆ ಗಾಬರಿಯಾಯಿತು. ನಾನು ನೋಡಿದ್ದ ಪುಂಡಿಯ ಎಲೆ ಇಷ್ಟು ಸೀಳಿರಲಿಲ್ಲ. ಜೊತೆಗೆ ಎಲೆಯ ನರಗಳ ನಡುವೆ ಹಳದಿ ತಿರುಗುತ್ತಿತ್ತು. ಒಂದು ಟೊಂಗೆ ಮುರಿದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ.

ಚೀಲದೊಳಗೆ ನೋಡಿದವನೇ ಎದ್ದು ಹೋಗಿ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿದ. ಭೂತಗನ್ನಡಿ ತಂದು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಹಳದಿಗೆ ಮೆಗ್ನೀಸಿಯಂ ಕಡಿಮೆಯಾದದ್ದು ಕಾರಣ ಎಂದು ಒಂದು ಬಾಟಲಿ ಕೊಟ್ಟ. ಆಮೇಲೆ ಮೇಜಿನ ಕೆಳಗಿನಿಂದ ಫೋಟೋಗಳ ದಪ್ಪ ಪುಸ್ತಕ ತೆಗೆದು ಪುಟ ತಿರುವತೊಡಗಿದ. ಒಂದೊಂದು ಫೋಟೋದ ಪಕ್ಕ ನನ್ನ ಟೊಂಗೆ ಇಟ್ಟು, ತಲೆ ಅಲ್ಲಾಡಿಸಿ, ಮುಂದಿನ ಪುಟ.

"ಈ ತಳಿ ನಾನು ನೋಡೇ ಇಲ್ಲ ಮ್ಯಾಮ್. ಪುಸ್ತಕದಲ್ಲೂ ಇಲ್ಲ. ಬೀಜ ಯಾರು ಕೊಟ್ಟಿದ್ದು?"

"ನಮ್ಮ ತಾಯಿ."

"ನಿಮ್ಮ ತಾಯಿ!" ಎಂದ. "ಅವರು ಎಷ್ಟು ವರ್ಷದಿಂದ ಬೆಳೀತಿದ್ದಾರೆ?"

"ನಮ್ಮಜ್ಜಿಯೂ ಬೆಳೀತಿದ್ಳು. ನಮ್ಮ ಕಡೆ ಎಲ್ಲರ ಹಿತ್ತಲಲ್ಲೂ ಇರುತ್ತೆ. ವಾರಕ್ಕೆರಡು ಸಲ ಬೇಕೇ ಬೇಕು. ಸಣ್ಣ ಮಕ್ಕಳಿಗೂ ಕೊಡ್ತೀವಿ, ರಕ್ತಕ್ಕೆ ಒಳ್ಳೇದು."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ನನ್ನನ್ನು ಭಕ್ತಿಯಿಂದ ನೋಡಿದ. ವಾಸನೆ ಯಾಕಿಲ್ಲ ಎಂದು ತಾನೇ ಕೇಳಿಕೊಂಡು, ಹೂ ಬಿಟ್ಟ ಮೇಲೆ ಬರಬಹುದು ಎಂದು ತಾನೇ ಉತ್ತರ ಹೇಳಿಕೊಂಡ. ಹೂ ಬಿಡಲು ಹಗಲು ಗಿಡ್ಡವಾಗಬೇಕು, ಇನ್ನೂ ತಿಂಗಳುಗಟ್ಟಲೆ ಕಾಯಬೇಕು ಎಂದ. ಕೊನೆಗೆ, ಈ ಟೊಂಗೆ ಇಲ್ಲೇ ಬಿಟ್ಟು ಹೋಗುತ್ತೀರಾ, ಯಾವ ತಳಿ ಎಂದು ಪರೀಕ್ಷೆ ಮಾಡುತ್ತೇನೆ ಎಂದ. ಪಾಪ, ಇಷ್ಟು ಆಸಕ್ತಿ ಇದೆಯಲ್ಲ ಎಂದು ಕೊಟ್ಟು ಬಂದೆ.

ನನಗೆ ಮಾತ್ರ ಕಾಯುವ ತಾಳ್ಮೆ ಎಲ್ಲಿ? ಕಾಲಿಂಗ್ ಕಾರ್ಡಿನ ನಂಬರ್ ಕೆರೆದು ಅವ್ವನಿಗೆ ಫೋನ್ ಮಾಡಿದೆ.

"ಎಲಿ ಸೀಳೈತಿ ಅಂತ ಯಾಕ್ ಅಂಜ್ತಿಯವಾ? ದುಂಡ ಎಲಿದೂ ಇರ್ತೈತಿ, ಸೀಳ ಎಲಿದೂ ಇರ್ತೈತಿ. ಬಾಯಾಗ ಹಾಕ್ಕೊಂಡ ನೋಡು. ಹುಳಿ ಇದ್ರ ಪುಂಡಿ. ಅದಕ್ಕೇನ್ ಡಾಕ್ಟರ್ ಬೇಕೇನ?"

ಫೋನ್ ಹಿಡಿದುಕೊಂಡೇ ಬೆಡ್‌ರೂಮಿಗೆ ಹೋಗಿ ಒಂದು ಎಲೆ ಕಿತ್ತು ಅಗಿದೆ. ದವಡೆ ಜುಮ್ಮೆಂದಿತು. ಹುಳಿ! ಅಷ್ಟು ದೊಡ್ಡ ಪುಸ್ತಕಕ್ಕೆ ತಿಳಿಯದ್ದನ್ನು ಅವ್ವ ಫೋನಿನಲ್ಲೇ ಹೇಳಿಬಿಟ್ಟಿದ್ದಳು. ನಾನು ಅಲ್ಲೇ ಕುಣಿದಾಡಿದೆ.

"ಮೊದ್ಲನೇ ಕೊಯ್ಲು ನೀ ತಿನ್ನಬ್ಯಾಡ ಮತ್ತ," ಎಂದಳು ಅವ್ವ. "ಓಣ್ಯಾಗ ಹಂಚಿ ಬಾ. ಆಮ್ಯಾಲ ಎಷ್ಟ್ ಬೇಕಷ್ಟು ತಿನ್ನು."

ಅದು ನಮ್ಮ ಮನೆಯ ಪದ್ಧತಿ. ಹಿತ್ತಲಿನಲ್ಲಿ ಏನೇ ಬೆಳೆಯಲಿ, ಮೊದಲ ಕೊಯ್ಲು ನೆರೆಹೊರೆಗೆ. ಹಾಗೆ ಕೊಟ್ಟರೆ ಗಿಡ ಮತ್ತೆ ಮತ್ತೆ ಚಿಗುರುತ್ತದೆ ಎಂದು ನಂಬಿಕೆ. ನನಗಿಲ್ಲಿ ಓಣಿ ಎಂದರೆ ನಮ್ಮ ಕಟ್ಟಡದ ಮೂರು ಅಂತಸ್ತು. ಒಂದು ಬೆಳಗ್ಗೆ ಸ್ನಾನ ಮಾಡಿ, ಗಿಡದ ತುದಿಗಳನ್ನು ಕೊಯ್ದು, ನೂಲು ಸುತ್ತಿ ಏಳು ಸೂಡು ಕಟ್ಟಿದೆ. ಒಳ್ಳೆಯ ಸೀರೆ ಉಟ್ಟು ಮನೆ ಮನೆ ಬಾಗಿಲು ಬಡಿದೆ.

ಎದುರು ಮನೆಯ ನರ್ಸಮ್ಮ ಸೂಡು ನೋಡಿ, ನನ್ನ ಕುಂಕುಮ ನೋಡಿ, ಮತ್ತೆ ಸೂಡು ನೋಡಿ "ಓ ಮೈ" ಎಂದಳು. ಕೆಳಗಿನ ಬಿಳಿ ಕುರ್ಚಿಯ ಮುದುಕಪ್ಪ ಬಾಗಿಲ ಸಂದಿಯಿಂದ ತೆಗೆದುಕೊಂಡು ಪಟ್ಟನೆ ಬಾಗಿಲು ಹಾಕಿಕೊಂಡ. ಮೂರನೆಯ ಅಂತಸ್ತಿನಲ್ಲಿ ಗಿಟಾರ್ ಬಾರಿಸುತ್ತಿದ್ದ ಗಂಡಸು ಎರಡು ಕೈ ಜೋಡಿಸಿ ನಮಸ್ಕಾರವನ್ನೇ ಮಾಡಿದ. ಎಷ್ಟು ಸಂಸ್ಕಾರವಂತರು ಎಂದುಕೊಂಡೆ. ಕೊಟ್ಟವರ ಮನೆ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದು ಟಿಕ್ ಹಾಕುತ್ತ ಬಂದೆ, ಯಾರೂ ಬಿಟ್ಟುಹೋಗಬಾರದಲ್ಲ. ಕೊನೆಯ ಸೂಡನ್ನು ನೇರ ಆಫೀಸಿಗೆ ಒಯ್ದು ಮ್ಯಾನೇಜರ್ ಕೈಗೆ ಕೊಟ್ಟೆ.

ಅವರು ಅದನ್ನು ಎರಡು ಬೆರಳಲ್ಲಿ ಹಿಡಿದರು. ಕನ್ನಡಕ ಏರಿಸಿಕೊಂಡರು.

"ಇದು ಎಲ್ಲಿ ಸಿಕ್ತು ಡಿಯರ್?"

"ನಾನೇ ಬೆಳೆದೆ" ಎಂದೆ ಹೆಮ್ಮೆಯಿಂದ. "ಬೆಡ್‌ರೂಮಲ್ಲಿ. ಹನ್ನೊಂದು ಗಿಡ ಇದೆ. ಲೈಟ್ ಹಾಕಿದ್ದೀನಿ. ಮಣ್ಣು ಒಂದು ಚೂರೂ ಇಲ್ಲ, ನೀವು ಹೇಳಿದ ಹಾಗೇ! ಇನ್ನೂ ಬೇಕಿದ್ರೆ ಬನ್ನಿ, ಎಲ್ಲರಿಗೂ ಕೊಟ್ಟಿದ್ದೀನಿ."

ಅವರು ಸೂಡನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಎಷ್ಟು ಜೋಪಾನ ಮಾಡಿದರು ಎಂದುಕೊಂಡು ಮನೆಗೆ ಬಂದೆ.

ಸಂಜೆ ಇವರು ಬಂದಾಗ ಮೇಜಿನ ಮೇಲೆ ಒಂದು ಟೊಂಗೆ ಉಳಿದಿತ್ತು. ಶೂ ಬಿಚ್ಚುತ್ತಿದ್ದವರು ಹಾಗೇ ನಿಂತರು. ಆ ವಾರವಷ್ಟೇ ಇವರ ಆಫೀಸಿನಲ್ಲಿ ಯಾರೋ ಒಂದು ಎಲೆಯ ಚಿತ್ರವಿದ್ದ ಟೀಶರ್ಟ್ ಹಾಕಿಕೊಂಡು ಬಂದಿದ್ದನಂತೆ. ಇವರು, ಕೆನಡಾದ ಮೇಪಲ್ ಎಲೆಯಾ ಎಂದು ಕೇಳಿದ್ದಕ್ಕೆ ಇಡೀ ಟೀಮು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತಂತೆ. ಹಾಗಾಗಿ ಇವರಿಗೆ ಆ ಎಲೆಯ ಪರಿಚಯ ಹೊಸದಾಗಿ, ಚೆನ್ನಾಗಿ ಆಗಿತ್ತು.

"ಇದು... ಇದು ಗಾಂಜಾ ಕಣೇ!"

"ನಿಮ್ಮ ತಲಿ! ಪುಂಡಿ ಅದು."

"ಯಾರಿಗಾದ್ರೂ ತೋರಿಸಿದ್ದೀಯಾ?"

"ತೋರಿಸೂದೇನು, ಏಳ್ ಮಂದಿಗೆ ಹಂಚಿ ಬಂದೀನಿ. ಮ್ಯಾನೇಜರ್‌ಗೂ ಕೊಟ್ಟೆ."

"ಅಯ್ಯೋ ದೇವ್ರೇ" ಎಂದು ಇವರು ಒಂದೇ ಶೂನಲ್ಲಿ ನೆಲದ ಮೇಲೆ ಕೂತುಬಿಟ್ಟರು. ಅಂಗಡಿಯವನು ಚಿಲಕ ಹಾಕಿದ್ದು, ಭೂತಗನ್ನಡಿ, ಭಕ್ತಿಯ ನೋಟ ಎಲ್ಲಾ ನನಗೆ ಒಮ್ಮೆಲೇ ಅರ್ಥವಾಯಿತು. ಸಣ್ಣ ಮಕ್ಕಳಿಗೂ ಕೊಡುತ್ತೇವೆ ಎಂದಿದ್ದೆನಲ್ಲ! ನಾಲಿಗೆ ಕಚ್ಚಿಕೊಂಡೆ. ನಗುವೂ ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಬಾಗಿಲ ಕೆಳಗಿನಿಂದ ಒಂದು ಚೀಟಿ ತೂರಿ ಬಂತು. ನಾಳೆ ನಾಲ್ಕು ಗಂಟೆಗೆ ಮ್ಯಾನೇಜರ್ ಪೊಲೀಸ್ ಆಫೀಸರ್ ಜೊತೆ ಬರುತ್ತಾರೆ, ಮನೆಯಲ್ಲಿರಬೇಕು ಎಂದು ಬರೆದಿತ್ತು.

ಇವರು ಅಡುಗೆಮನೆಯಿಂದ ಕಸದ ಚೀಲ ತಂದರು. "ಎಲ್ಲಾ ಕಿತ್ತು ಬಿಸಾಕ್ಬಿಡೋಣ. ಗ್ರೀನ್ ಕಾರ್ಡ್ ಫೈಲ್ ಲಾಯರ್ ಹತ್ರ ಇದೆ. ಪೊಲೀಸ್ ರಿಪೋರ್ಟಲ್ಲಿ ಒಂದು ಲೈನ್ ಬಿದ್ರೆ ಮುಗೀತು. ಮನೆ ಹೋಯ್ತು, ಕೆಲಸ ಹೋಯ್ತು, ಸೂಟ್‌ಕೇಸ್ ಕಟ್ಕೊಂಡು ವಾಪಸ್ ಹೋಗ್ಬೇಕು."

ನಾನು ಬೆಡ್‌ರೂಮಿನ ಬಾಗಿಲಿಗೆ ಅಡ್ಡ ನಿಂತೆ. "ಕಿತ್ತ ಒಗದ್ರ ನಾವ ಕಳ್ಳರು ಅಂತ ನಾವ ಹೇಳಿದಂಗ ಆಗ್ತೈತಿ. ಆರ್ ಮನ್ಯಾಗ ಸೂಡ್ ಅದಾವು, ಮ್ಯಾನೇಜರ್ ಹತ್ರ ಒಂದ್ ಐತಿ. ಆಗ ಪುಂಡಿ ಅಂತ ತೋರ್ಸಾಕ ನಮ್ಮ ಹತ್ರ ಏನ್ ಇರ್ತೈತಿ?"

"ನಿನ್ನ ಪುಂಡಿ ಅವರಿಗೆ ಯಾರು ಅರ್ಥ ಮಾಡಿಸ್ತಾರೆ ಹೇಳು?"

ಇವರ ಮಾತೂ ಸುಳ್ಳಲ್ಲ. ಇಬ್ಬರೂ ಕಿರುಚಾಡಿದೆವು, ಆಮೇಲೆ ನಾನು ಅತ್ತೆ. ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು. ಕದ್ದಿಲ್ಲ, ಮುಚ್ಚಿಟ್ಟಿಲ್ಲ, ಸೀರೆ ಉಟ್ಟು ಹಂಚಿದವಳನ್ನು ಕಳ್ಳಿ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಇವರು ಕೊನೆಗೆ ಕಸದ ಚೀಲ ಮಡಚಿಟ್ಟರು.

ಬೆಳಗ್ಗೆ ಅಂಗಡಿಯವನಿಗೆ ಫೋನ್ ಮಾಡಿದೆ. ಗಾಂಜಾ ಯಾವುದು, ಅಲ್ಲದ್ದು ಯಾವುದು ಎಂದು ಹೇಳಬಲ್ಲವನು ನನಗೆ ಗೊತ್ತಿದ್ದವರಲ್ಲಿ ಅವನೊಬ್ಬನೇ. ವಿಷಯವನ್ನೂ ವಿಳಾಸವನ್ನೂ ಹೇಳಿ, ನಾಲ್ಕು ಗಂಟೆಗೆ ಬಂದು ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

"ಮ್ಯಾಮ್, ನನ್ನ ಅಂಗಡಿ ಮುಂದೆ ಪೊಲೀಸ್ ಕಾರು ವಾರಕ್ಕೆರಡು ಸಲ ನಿಲ್ಲುತ್ತೆ. ಒಂದು ನೆಪ ಸಿಕ್ಕರೆ ಮುಚ್ಚಿಸೋಕೆ ಕಾಯ್ತಿದ್ದಾರೆ. ನಾನು ಬಂದು ಬಾಯಿ ಬಿಟ್ಟರೆ ನನ್ನ ಅಂಗಡಿ ಹೋಗುತ್ತೆ. ದಯವಿಟ್ಟು ಕ್ಷಮಿಸಿ."

ಫೋನ್ ಕುಕ್ಕಿದೆ. ಉದ್ದ ಕೂದಲಿನವನಿಂದ ಇನ್ನೇನು ನಿರೀಕ್ಷೆ ಮಾಡುವುದು ಎಂದು ಕನ್ನಡದಲ್ಲಿ ಬಾಯಿ ತುಂಬ ಬೈದೆ. ಆಮೇಲೆ ಸೆರಗು ಕಟ್ಟಿ ರೊಟ್ಟಿ ಬಡಿದೆ, ಪುಂಡಿ ಪಲ್ಲೆ ಮಾಡಿದೆ. ಮಾತು ಕೇಳದಿದ್ದರೆ ನಾಲಿಗೆಯಾದರೂ ಕೇಳಲಿ ಎಂದು ನನ್ನ ಲೆಕ್ಕಾಚಾರ. ಇವರು ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು ಇಂಟರ್‌ವ್ಯೂಗೆ ಕೂತವರ ಹಾಗೆ ಸೋಫಾದ ಅಂಚಿನಲ್ಲಿ ಕೂತಿದ್ದರು.

ನಾಲ್ಕಕ್ಕೆ ಸರಿಯಾಗಿ ಬಂದರು. ಆಫೀಸರ್ ಬಾಗಿಲು ತುಂಬುವಂಥ ಆಳು, ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಬೆಡ್‌ರೂಮಿನ ಬಾಗಿಲು ತೆರೆದೆ. ಆ ದಿನ ಮೊದಲ ಸಲ ನನ್ನ ತೋಟವನ್ನು ಬೇರೆಯವರ ಕಣ್ಣಿಂದ ನೋಡಿದೆ. ಬೆಳ್ಳಿ ಗೋಡೆ, ಉರಿಯುವ ಟ್ಯೂಬ್‌ಲೈಟು, ಅಳತೆಯ ಲೋಟ, ಬಾಟಲಿಗಳು, ಸಾಲಾಗಿ ನಿಂತ ಹನ್ನೊಂದು ಗಿಡ. ಆಫೀಸರ್ ನನ್ನ ನೋಟ್‌ಬುಕ್ ತೆಗೆದು ಪುಟ ತಿರುವಿ, ಕೊನೆಯ ಪುಟಕ್ಕೆ ಬಂದು ನಿಂತರು.

"ಇದೇನು, ಮನೆ ನಂಬರುಗಳು?"

"ಹಂಚಿದವರ ಪಟ್ಟಿ" ಎಂದೆ. ಇವರು ಗೋಡೆಗೆ ಹಣೆ ಒತ್ತಿಕೊಂಡರು.

ನಾನು ಎಲ್ಲಾ ಹೇಳಿದೆ. ಅವ್ವ, ಬೀಜ, ಮೊದಲ ಕೊಯ್ಲು, ರೊಟ್ಟಿ. ಆಫೀಸರ್ ಕೇಳಿಸಿಕೊಂಡರು. ಆಮೇಲೆ, ಇದನ್ನು ಲ್ಯಾಬಿಗೆ ಕಳಿಸಬೇಕು, ಫಲಿತಾಂಶ ಬರಲು ವಾರಗಳಾಗಬಹುದು, ರಿಪೋರ್ಟನ್ನಂತೂ ಇವತ್ತೇ ಬರೆಯಬೇಕು ಎಂದರು. ರಿಪೋರ್ಟ್ ಎಂಬ ಪದಕ್ಕೆ ಇವರ ಮುಖ ಸುಣ್ಣವಾಯಿತು. ಮ್ಯಾನೇಜರ್, ರಿಪೋರ್ಟ್ ಆದರೆ ನಾನು ಮನೆ ಬಿಡಿಸಲೇಬೇಕಾಗುತ್ತದೆ ಡಿಯರ್, ನನ್ನ ಕೈಯಲ್ಲಿಲ್ಲ ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ನನಗೆ ತಡೆಯಲಾಗಲಿಲ್ಲ. ಒಂದು ಹಿಡಿ ಎಲೆ ಕಿತ್ತು ಬಾಯಿಗೆ ತುರುಕಿ ಅಗಿಯತೊಡಗಿದೆ. "ನೋಡ್ರಿ! ಹುಳಿ ಐತಿ! ತಿಂದ ನೋಡ್ರಿ!" ಇಂಗ್ಲಿಷ್ ಎಲ್ಲಿ ಹೋಯಿತೋ, ಬಾಗಲಕೋಟೆಯೇ ಹೊರಗೆ ಬಂತು. ಆಗ ಇವರು ಗೋಡೆ ಬಿಟ್ಟು ಬಂದು, ಒಂದು ದೊಡ್ಡ ಎಲೆ ಕಿತ್ತು ತಾವೂ ಬಾಯಿಗೆ ಹಾಕಿಕೊಂಡರು. ಜನ್ಮದಲ್ಲಿ ಮೊದಲ ಸಲ ಪುಂಡಿ ತಿಂದ ಮೈಸೂರಿನವರ ಮುಖ ಹಿಂಡಿಹೋಯಿತು, ಕಣ್ಣಲ್ಲಿ ನೀರು ಬಂತು, ಆದರೂ ಅಗಿದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

"ದಯವಿಟ್ಟು ಸಾಕ್ಷ್ಯವನ್ನು ತಿನ್ನಬೇಡಿ" ಎಂದರು ಆಫೀಸರ್.

ಅಷ್ಟರಲ್ಲಿ ಹೊರಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಂಗಡಿಯವನು. ಕೂದಲನ್ನು ನೀರು ಹಚ್ಚಿ ಬಾಚಿದ್ದ. ಟೈ ಕಟ್ಟಿದ್ದ, ಅದು ವಕ್ರವಾಗಿ ಒಂದು ಕಿವಿಯ ಕಡೆ ಹೋಗಿತ್ತು. ಬಿಳುಚಿಕೊಂಡಿದ್ದ. ಆಫೀಸರ್ ಅವನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಓಹೋ, ನೀನಾ?" ಎಂದರು.

"ಆಫೀಸರ್, ಅದು ಗಾಂಜಾ ಅಲ್ಲ."

"ನಿನಗೆ ಹೇಗೆ ಗೊತ್ತು?"

ಅವನು ಟೈ ಸಡಿಲ ಮಾಡಿಕೊಂಡ. ನನ್ನ ಕಡೆ ಒಮ್ಮೆ ನೋಡಿದ. "ಈಕೆ ನನಗೆ ಒಂದು ಟೊಂಗೆ ಕೊಟ್ಟಿದ್ದರು. ಗುರುತು ಹಿಡಿಯೋಕೆ. ನಾನು ಒಣಗಿಸಿ ಸೇದಿ ನೋಡಿದೆ. ಮೂರು ಸಲ. ಕೆಮ್ಮು ಬಂತು, ಗಂಟಲು ಕೆಟ್ಟಿತು. ಅಷ್ಟೇ. ಬೇರೆ ಏನೂ ಆಗಲಿಲ್ಲ."

ಪೊಲೀಸಿನವರ ಮುಂದೆ ನಿಂತು ಆ ಮಾತು ಹೇಳಿದರೆ ಏನಾಗಬಹುದು ಎಂದು ಅವನಿಗೆ ಗೊತ್ತಿತ್ತು, ಆಫೀಸರಿಗೂ ಗೊತ್ತಿತ್ತು.

ಆಫೀಸರ್ ನನ್ನ ನೋಟ್‌ಬುಕ್ ಮುಚ್ಚಿದರು. "ಮೊದಲನೇ ಸಲವೇ ಏನೂ ಆಗಲಿಲ್ಲ ಅಂದ ಮೇಲೆ ಇನ್ನೆರಡು ಸಲ ಯಾಕೆ?"

"ಆಸೆ, ಸರ್."

ಮೊದಲು ನಕ್ಕಿದ್ದು ಮ್ಯಾನೇಜರ್. ಆಮೇಲೆ ಆಫೀಸರ್, ಬಾಗಿಲ ಚೌಕಟ್ಟು ಹಿಡಿದುಕೊಂಡು, ಟೋಪಿ ತೆಗೆದು, ಹೊಟ್ಟೆ ಕುಲುಕುವಂತೆ ನಕ್ಕರು. ಕಣ್ಣೊರೆಸಿಕೊಂಡು ಒಂದು ಎಲೆ ಕಿತ್ತು, ಮೂಸಿ, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು. ಮುಖ ಹುಳ್ಳಗಾಯಿತು. "ಇದಕ್ಕೇನಂದ್ರಿ ಹೆಸರು?" ಎಂದು ಕೇಳಿ, ನನ್ನಿಂದ ಅಕ್ಷರ ಅಕ್ಷರ ಹೇಳಿಸಿಕೊಂಡು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಪಕ್ಕದಲ್ಲಿ 'ತರಕಾರಿ' ಎಂದು ಬರೆದದ್ದನ್ನು ನಾನು ಇಣುಕಿ ನೋಡಿದೆ. ಅಂಗಡಿಯವನ ವಿಷಯ ಒಂದಕ್ಷರ ಬರೆಯಲಿಲ್ಲ. ಹೋಗುವಾಗ ಅವನ ಭುಜ ತಟ್ಟಿ, ಟೈ ಸರಿ ಮಾಡಿಕೋ ಎಂದರು.

ಅವರಿಬ್ಬರೂ ಹೋದ ಮೇಲೆ ಅಂಗಡಿಯವನೂ ಹೊರಟ, ನಾನು ಬಿಡಲಿಲ್ಲ. ಊಟದ ಮೇಜಿಗೆ ಕೂರಿಸಿ ತಟ್ಟೆ ಇಟ್ಟೆ. ರೊಟ್ಟಿ ಮುರಿಯುವುದು ತೋರಿಸಿಕೊಟ್ಟೆ. ಒಂದು ತುತ್ತು ತಿಂದು ಅವನು ಕಣ್ಣು ಮುಚ್ಚಿದ.

"ನಾನು ಫೋನ್ ಕುಕ್ಕಿದೆ. ಕೆಟ್ಟದಾಗಿ ಬೈದೂ ಬಿಟ್ಟೆ," ಎಂದೆ. "ಅಂಗಡಿ ಹೋಗುತ್ತೆ ಅಂದವರು ಮತ್ತೆ ಯಾಕೆ ಬಂದ್ರಿ?"

ಅವನು ತಟ್ಟೆ ನೋಡುತ್ತಲೇ ಹೇಳಿದ. "ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ ಮ್ಯಾಮ್. ಏನು ಬೆಳೀತೀರಿ ಅಂತ ಎಲ್ಲರನ್ನೂ ಕೇಳ್ತೀನಿ. ಎಲ್ಲರೂ ಟೊಮೆಟೊ ಅಂತಾರೆ. ಒಬ್ಬರೂ ಟೊಮೆಟೊ ಬೆಳೆಯಲ್ಲ. ನಾನೂ ನಂಬಿದ ಹಾಗೆ ತಲೆಯಾಡಿಸ್ತೀನಿ. ನೀವು ಊಟಕ್ಕೆ ಸೊಪ್ಪು ಅಂದ್ರಿ, ನಿಜವಾಗಿ ಸೊಪ್ಪೇ ಬೆಳೆದ್ರಿ. ಇಪ್ಪತ್ತು ವರ್ಷದಲ್ಲಿ ನಿಜ ಹೇಳಿದ್ದು ನೀವೊಬ್ಬರೇ. ನಿಮ್ಮನ್ನೇ ಹಿಡ್ಕೊಂಡು ಹೋದ್ರೆ, ನಾಳೆ ನಾನು ಯಾವ ಮುಖ ಇಟ್ಕೊಂಡು ಅಂಗಡಿ ಬಾಗಿಲು ತೆಗೀಲಿ?"

ಕೂದಲು ನೋಡಿ ಮನುಷ್ಯನನ್ನು ಅಳೆದಿದ್ದಕ್ಕೆ ನಾಚಿಕೆಯಾಗಿ, ನಿಂತಲ್ಲೇ ಅತ್ತುಬಿಟ್ಟೆ. ಯಾವತ್ತೂ ಒಂದು ಲೋಟ ನೀರು ಸಹ ಬಡಿಸಿ ಗೊತ್ತಿಲ್ಲದ ನನ್ನ ಗಂಡ ಎದ್ದರು. ಒಲೆಯ ಪಕ್ಕದ ಡಬ್ಬಿಯಿಂದ ಬಿಸಿ ರೊಟ್ಟಿ ತೆಗೆದು, ಎರಡು ಕೈಯಲ್ಲಿ ಹಿಡಿದು ತಂದು, "ಇನ್ನೊಂದು ಹಾಕ್ಕೊಳಿ ಸರ್" ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಅವನ ತಟ್ಟೆಗೆ ಬಡಿಸಿದರು. ಅವನು ಬೇಡ ಎನ್ನಲಿಲ್ಲ.